ಸಂಬಳ ತಪ್ಪಿಸಲು ಹುಟ್ಟಿದ ಪದ

ಬೇಗಲ್ ಅಂದರೆ ನಡುವೆ ತೂತಿರುವ, ಬನ್ನಿನಂಥ ತಿಂಡಿ. 2013ಕ್ಕೆ ಮುಂಚೆ ಅಮೆರಿಕದ ಕಾಲೇಜುಗಳು ತಮ್ಮ ಆಟಗಾರರಿಗೆ ತಿಂಡಿಯಾಗಿ ಬೇಗಲ್ ಕೊಡಬಹುದಿತ್ತು, ಆದರೆ ಏನೂ ಸವರದೆ. ಬೆಣ್ಣೆಯನ್ನೋ ಕ್ರೀಮ್ ಚೀಸನ್ನೋ ಸವರಿ ಕೊಟ್ಟರೆ ನಿಯಮ ಮುರಿದ ಹಾಗೆ! ತಮಾಷೆಯಲ್ಲ. ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆ ನಿಜವಾಗಿಯೂ ಹೀಗೊಂದು ನಿಯಮ ಇಟ್ಟುಕೊಂಡಿತ್ತು. 2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಾರೆ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದೇ ಮಲಗುತ್ತೇನೆ ಎಂದು ಬಾಯಿಬಿಟ್ಟ. ಕೆಲವೇ ವಾರಗಳಲ್ಲಿ ಊಟದ ಮಿತಿ ಹೋಯಿತು.

ಇಷ್ಟೊಂದು ಜಿಪುಣತನ ಯಾಕೆ? ಇದರ ಬೇರು 1950ರ ದಶಕದಲ್ಲಿದೆ.

ಎನ್‌ಸಿಎಎ ಹುಟ್ಟಿದ್ದು ದುಡ್ಡಿನ ವಿಷಯಕ್ಕಲ್ಲ. 1905ರ ಹೊತ್ತಿಗೆ ಅಮೆರಿಕನ್ ಫುಟ್‌ಬಾಲ್ ಆಡುತ್ತಾ ಹುಡುಗರು ಸಾಯುತ್ತಿದ್ದರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತಾಡಿದರು. ಮರುವರ್ಷ ಸಂಸ್ಥೆ ಎದ್ದು ನಿಂತಿತು. ಆಟಕ್ಕಾಗಿಯೇ ಸ್ಕಾಲರ್‌ಶಿಪ್ ಕೊಡಲು ಪೂರ್ತಿ ಒಪ್ಪಿಗೆ ಸಿಕ್ಕಿದ್ದು 1956ರಲ್ಲಿ.

ಅದಕ್ಕೆ ಒಂದು ವರ್ಷ ಮೊದಲು ಕೊಲೊರಾಡೊದ ಒಂದು ಸಣ್ಣ ಕಾಲೇಜಿನ ಪರವಾಗಿ ಆಡುವಾಗ ರೇ ಡೆನಿಸನ್ ಎಂಬಾತ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಕೆಲಸ ಮಾಡುವಾಗ ಸತ್ತ ಕಾರ್ಮಿಕನಿಗೆ ಸಿಗುವ ಪರಿಹಾರವನ್ನೇ ಹೆಂಡತಿ ಕೇಳಿದಳು. 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಡಲ್ಲ ಎಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ ಅನ್ನೋದು ಕೋರ್ಟಿನ ವಾದ. ಇಂಥ ಕೇಸುಗಳ ಭಯದಲ್ಲೇ ಎನ್‌ಸಿಎಎಯ ಮುಖ್ಯಸ್ಥ ವಾಲ್ಟರ್ ಬೈಯರ್ಸ್ ಮತ್ತು ವಕೀಲರು ‘ಸ್ಟೂಡೆಂಟ್-ಅಥ್ಲೀಟ್’ ಎಂಬ ಪದವನ್ನು ಎಲ್ಲೆಡೆ ತುರುಕಿದರು. ವಿದ್ಯಾರ್ಥಿ ಅಂದಮೇಲೆ ನೌಕರ ಅಲ್ಲ, ಅಲ್ವಾ? ಬೈಯರ್ಸ್ ನಿವೃತ್ತರಾದ ಮೇಲೆ ತಾವೇ ಕಟ್ಟಿದ ಈ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರು ಅನ್ನೋದು ಬೇರೆ ಮಾತು.

ವ್ಯಾಪಾರ ಅಲ್ಲ ಅಂದದ್ದು ವ್ಯಾಪಾರವೇ ಆಯಿತು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟಿವಿ ಹಕ್ಕುಗಳ ಮೇಲಿನ ಎನ್‌ಸಿಎಎ ಹಿಡಿತವನ್ನು ಮುರಿದ ಮೇಲೆ ದುಡ್ಡು ಹೊಳೆಯಾಗಿ ಹರಿಯಿತು. 2023ರಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಫುಟ್‌ಬಾಲ್ ಕೋಚ್ ಜಿಂಬೊ ಫಿಶರ್‌ನನ್ನು ಮನೆಗೆ ಕಳಿಸಿತು. ಕಳಿಸಿದ್ದಕ್ಕೇ 7.5 ಕೋಟಿ ಡಾಲರ್‌ಗೂ ಜಾಸ್ತಿ ಕೊಡಬೇಕಾಯಿತು.

ಬಿರುಕು ಬಿಟ್ಟದ್ದು ಒಂದು ವಿಡಿಯೊ ಗೇಮ್‌ನಿಂದ. 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ ಎಡ್ ಓಬ್ಯಾನನ್, ವರ್ಷಗಳ ನಂತರ ಗೆಳೆಯನ ಮನೆಯಲ್ಲಿ ಗೇಮ್ ನೋಡಿದ. ತನ್ನದೇ ಮೈಕಟ್ಟು, ತನ್ನದೇ ಜೆರ್ಸಿ ನಂಬರ್. ಅವನಿಗೆ ಬಿಡಿಗಾಸೂ ಬಂದಿರಲಿಲ್ಲ. 2009ರಲ್ಲಿ ಕೋರ್ಟಿಗೆ ಹೋದ, 2014ರಲ್ಲಿ ಗೆದ್ದ. 2019ರಲ್ಲಿ ಕ್ಯಾಲಿಫೋರ್ನಿಯ, ಆಟಗಾರರು ತಮ್ಮ ಹೆಸರು-ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಎಂದು ಕಾನೂನು ಮಾಡಿತು. 2021ರ ಜೂನ್‌ನಲ್ಲಿ, ಆಟಗಾರರ ಓದಿನ ಸೌಲಭ್ಯಗಳಿಗೆ ಹಾಕಿದ್ದ ಮಿತಿಯನ್ನು ಪ್ರಶ್ನಿಸಿದ ಆಲ್ಸ್ಟನ್ ಕೇಸಿನಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಹತ್ತೇ ದಿನದಲ್ಲಿ, ಜುಲೈ 1ಕ್ಕೆ, ಜಾಹೀರಾತಿನ ಬಾಗಿಲು ದೇಶದಾದ್ಯಂತ ತೆರೆಯಿತು.

ನಮ್ಮ ಕಡೆಯಿಂದ ಹೋದವರಿಗೆ ಈ ಬಾಗಿಲು ಅರ್ಧವೂ ತೆರೆದಿಲ್ಲ. ಎತ್ತರ ಜಿಗಿತದ ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ 2018 ಮತ್ತು 2022ರಲ್ಲಿ ಎನ್‌ಸಿಎಎ ಪ್ರಶಸ್ತಿ ಗೆದ್ದರು. ಆದರೆ ವಿದ್ಯಾರ್ಥಿ ವೀಸಾದಲ್ಲಿರುವವರು ಅಲ್ಲಿ ಬೇಕಾದ ಹಾಗೆ ದುಡಿಯುವಂತಿಲ್ಲ. ಜಾಹೀರಾತಿಗೆ ಕೈಹಾಕಿದರೆ ವೀಸಾಕ್ಕೇ ಕುತ್ತು.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಇನ್ನೊಂದು ಗಟ್ಟಿ ಗೋಡೆ ಕೆಡವಿದರು. ಈಜುಗಾರ ಗ್ರಾಂಟ್ ಹೌಸ್ ಮತ್ತಿತರರು ಎನ್‌ಸಿಎಎ ವಿರುದ್ಧ ಹಾಕಿದ್ದ ಹೌಸ್ ಕೇಸಿನ ರಾಜಿಯಂತೆ ಕಾಲೇಜು ತಾನೇ ಆಟಗಾರರಿಗೆ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಹಳೆಯ ಆಟಗಾರರಿಗೆ ಬಾಕಿಯಾಗಿ 10 ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್. ಇದರಲ್ಲಿ ಬಹುಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಹುಡುಗರ ಪಾಲಾಗುತ್ತದೆ, ಇದು ಅನ್ಯಾಯ ಎಂದು ಕೆಲವು ಆಟಗಾರ್ತಿಯರು ಮೇಲ್ಮನವಿ ಹಾಕಿದರು. ಹಳೆಯ ಬಾಕಿಯ ಹಂಚಿಕೆ ಅಲ್ಲೇ ನಿಂತಿತು. ನನಗಂತೂ ಅವರ ತಕರಾರು ಸುಮ್ನೆ ತಳ್ಳಿಹಾಕುವಂಥದ್ದು ಅನ್ನಿಸುವುದಿಲ್ಲ.

ಇಷ್ಟಾದರೂ ಕಾಲೇಜುಗಳು ಇದನ್ನು ಸಂಬಳ ಎನ್ನುವುದಿಲ್ಲ. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮೌತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 13-2 ಮತಗಳಿಂದ ಕಾರ್ಮಿಕ ಸಂಘಕ್ಕೆ ಸೇರಲು ನಿರ್ಧರಿಸಿದರು. ಅವರು ನೌಕರರೇ ಅಲ್ಲ ಎಂದು ಕಾಲೇಜು ಪಟ್ಟು ಹಿಡಿಯಿತು. ಅದೇ ವರ್ಷ ಡಿಸೆಂಬರ್ 31ಕ್ಕೆ ಸಂಘ, ಆ ಹುಡುಗರನ್ನು ಪ್ರತಿನಿಧಿಸಲು ಹಾಕಿದ್ದ ಅರ್ಜಿಯನ್ನೇ ವಾಪಸ್ ತೆಗೆದುಕೊಂಡಿತು.