ಓದುಗರ ಪ್ರಶ್ನೆಗೆ ಉತ್ತರ: ಮ್ಯಾರಥಾನ್‌ನಿಂದ ಓಡಿ ಬಂದು ಸತ್ತವನು ಯಾರು?

ಪ್ರಶ್ನೆ: ಮ್ಯಾರಥಾನ್ ಯುದ್ಧ ಗೆದ್ದ ಸುದ್ದಿಯನ್ನು ಅಥೆನ್ಸ್‌ಗೆ ಓಡಿ ಮುಟ್ಟಿಸಿ, ಅಲ್ಲೇ ಪ್ರಾಣ ಬಿಟ್ಟ ಫೈಡಿಪ್ಪಿಡೀಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಉತ್ತರ: ಹೇಳುತ್ತೇನೆ. ಆದರೆ ನಿಮಗೆ ಬೇಕಾದ ಹಾಗೆ ಅಲ್ಲ. ಯುದ್ಧ ನಡೆದದ್ದು ನಿಜ, ಗೆದ್ದದ್ದು ನಿಜ, ಫೈಡಿಪ್ಪಿಡೀಸ್ ಅನ್ನುವ ಓಟಗಾರ ಇದ್ದದ್ದೂ ನಿಜ. ಅವನು ಓಡಿದ ದಾರಿ ಮಾತ್ರ ಬೇರೆ. ಸತ್ತ ಅಂತ ಆ ಕಾಲಕ್ಕೆ ಹತ್ತಿರದ ಲೇಖಕರು ಎಲ್ಲೂ ಹೇಳಿಲ್ಲ. ಊರಲ್ಲಿ ಮ್ಯಾರಥಾನ್ ಓಟದ ಸೀಸನ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಬಹುಮಾನ ಕೊಡಲು ಬಂದ ಅತಿಥಿಗಳು ಭಾಷಣದಲ್ಲಿ ಇದನ್ನು ಹೇಳದೆ ಬಿಡುವುದಿಲ್ಲ, ಕ್ವಿಜ್ ಮಾಡುವವರು ಕೇಳದೆ ಬಿಡುವುದಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ, ನನ್ನನ್ನು ಬಿಟ್ಟುಬಿಡಿ.

ಹಿನ್ನೆಲೆ ನಾಲ್ಕೇ ಮಾತಲ್ಲಿ. ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯ ಗ್ರೀಕ್ ಊರುಗಳು ಪರ್ಷಿಯದ ಮೇಲೆ ದಂಗೆ ಎದ್ದಾಗ ಅಥೆನ್ಸ್ 20 ಹಡಗು ಕಳಿಸಿತ್ತು, ಎರೆಟ್ರಿಯ ಎಂಬ ಇನ್ನೊಂದು ಗ್ರೀಕ್ ಊರು 5 ಕಳಿಸಿತ್ತು. ಪರ್ಷಿಯದ ದೊರೆ ಡೇರಿಯಸ್ ಅದನ್ನು ಮರೆಯಲಿಲ್ಲ. ಕ್ರಿ.ಪೂ. 490ರಲ್ಲಿ ಅವನ ಸೇನೆ ಸಮುದ್ರ ದಾಟಿ ಬಂದು ಮೊದಲು ಎರೆಟ್ರಿಯವನ್ನು ಸುಟ್ಟಿತು. ಆಮೇಲೆ ಅಥೆನ್ಸ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮ್ಯಾರಥಾನ್ ಬಯಲಿಗೆ ಇಳಿಯಿತು. ದಾರಿ ತೋರಿಸಿದವನು ಹಿಪ್ಪಿಯಾಸ್. ಅಥೆನ್ಸನ್ನು ಒಂದು ಕಾಲಕ್ಕೆ ಆಳಿ, ಅಲ್ಲಿಂದ ಹೊರದಬ್ಬಿಸಿಕೊಂಡ ಮುದುಕ.

ಈಗ ನಮ್ಮ ಓಟಗಾರ. ಇವೆಲ್ಲವನ್ನೂ ಬರೆದಿಟ್ಟವನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಅವನು ಹುಟ್ಟಿದ್ದೇ ಆ ಯುದ್ಧ ನಡೆದ ಆಸುಪಾಸಿನಲ್ಲಿ. ಯುದ್ಧ ಕಂಡವರನ್ನೋ ಅವರ ಮಕ್ಕಳನ್ನೋ ಕೇಳಿ ತಿಳಿಯುವಷ್ಟು ಹತ್ತಿರದವನು. ಅವನ ಪ್ರಕಾರ ಫೈಡಿಪ್ಪಿಡೀಸ್ ಓಡಿದ್ದು ಯುದ್ಧಕ್ಕೆ ಮುಂಚೆ. ಓಡಿದ್ದು ಸ್ಪಾರ್ಟಾಕ್ಕೆ. ಅಥೆನ್ಸ್‌ನ ಸೇನಾಪತಿಗಳು ಇನ್ನೂ ಊರಲ್ಲೇ ಇದ್ದಾಗ "ನೆರವಿಗೆ ಬನ್ನಿ" ಅಂತ ಕೇಳಲು ಅವನನ್ನು ಕಳಿಸಿದರು. ಸುದ್ದಿ ಹೊತ್ತು ಓಡುವುದೇ ಅವನ ಕಸುಬು. ಮಧ್ಯೆ ಬೆಟ್ಟಗಳಿರುವ, ಸುಮಾರು 240 ಕಿಲೋಮೀಟರ್ ದಾರಿ. ಹೊರಟ ಮರುದಿನ ಮುಟ್ಟಿದ.

ಇದು ಉತ್ಪ್ರೇಕ್ಷೆ ಅಂತ ತುಂಬಾ ಜನ ಅಂದುಕೊಂಡಿದ್ದರು. 1982ರಲ್ಲಿ ಜಾನ್ ಫೋಡನ್ ಎಂಬ ಬ್ರಿಟಿಷ್ ವಾಯುಪಡೆಯ ಅಧಿಕಾರಿ ಕೆಲವು ಸಂಗಾತಿಗಳ ಜೊತೆ ಆ ದಾರಿಯನ್ನು ಓಡಿ ನೋಡಿದರು. ಮೂವರು 40 ಗಂಟೆಯೊಳಗೆ ಸ್ಪಾರ್ಟಾ ತಲುಪಿದರು. ಮರುವರ್ಷದಿಂದ ಅದೇ ದಾರಿಯಲ್ಲಿ ಸ್ಪಾರ್ಟಥ್ಲಾನ್ ಎಂಬ ಓಟ ನಡೆಯುತ್ತಿದೆ. 246 ಕಿಲೋಮೀಟರ್, 36 ಗಂಟೆಯ ಗಡುವು.

ಇಷ್ಟು ಓಡಿ ಹೋದವನಿಗೆ ಸಿಕ್ಕ ಉತ್ತರ ಏನು ಗೊತ್ತಾ? "ಇವತ್ತು ತಿಂಗಳ ಒಂಬತ್ತನೇ ದಿನ. ಹುಣ್ಣಿಮೆ ಆಗುವ ತನಕ ನಾವು ದಂಡೆತ್ತಿ ಹೊರಡುವ ಹಾಗಿಲ್ಲ, ಕಟ್ಟಳೆ ಇದೆ" ಅಂದರು ಸ್ಪಾರ್ಟಾದವರು. ಅವನು ಬರಿಗೈಯಲ್ಲಿ ಬಂದ. ಬಂದವನು ಹೇಳಿದ ಇನ್ನೊಂದು ಸಂಗತಿಯನ್ನು ಅಥೆನ್ಸ್‌ನವರು ಪೂರ್ತಿ ನಂಬಿದರು. ಟೆಗಿಯ ಊರಿನ ಮೇಲಿನ ಪಾರ್ಥೇನಿಯನ್ ಬೆಟ್ಟದಲ್ಲಿ ಪ್ಯಾನ್ ದೇವರು ಹೆಸರು ಹಿಡಿದು ಕೂಗಿ, "ನಿಮ್ಮೂರಿನವರು ನನ್ನನ್ನು ಯಾಕೆ ಕಡೆಗಣಿಸಿದ್ದಾರೆ?" ಅಂತ ಕೇಳಿದನಂತೆ. ಆಮೇಲೆ ಅವರು ತಮ್ಮ ಊರಿನ ಕೋಟೆಗುಡ್ಡ ಅಕ್ರೊಪೊಲಿಸ್‌ನ ಬುಡದಲ್ಲಿ ಪ್ಯಾನ್‌ಗೆ ಗುಡಿ ಮಾಡಿ, ವರ್ಷವರ್ಷ ಪಂಜಿನ ಓಟ ನಡೆಸಿದರು.

ಹಾಗಾದರೆ ಸುದ್ದಿ ಹೇಳಿ ಸತ್ತ ಓಟ? ಹೆರೊಡೋಟಸ್‌ನಲ್ಲಿ ಒಂದು ಸಾಲೂ ಇಲ್ಲ. "ಅವನಿಗೆ ಗೊತ್ತಿರಲಿಕ್ಕಿಲ್ಲ, ಬಿಟ್ಟಿರಬೇಕು" ಅಂತ ವಾದಿಸುವವರು ಇದ್ದಾರೆ. ಅವನನ್ನು ಓದಿದವರು ಈ ಮಾತು ಆಡುವುದಿಲ್ಲ. ಮ್ಯಾರಥಾನ್‌ನಲ್ಲಿ ಇಳಿದ ಮೇಲೆ ಮುದುಕ ಹಿಪ್ಪಿಯಾಸ್‌ಗೆ ಜೋರಾಗಿ ಸೀನು, ಕೆಮ್ಮು ಬಂದು ಅಲ್ಲಾಡುತ್ತಿದ್ದ ಒಂದು ಹಲ್ಲು ಮರಳಿಗೆ ಬಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ ಅಂತ ಬರೆದವನು ಅವನು! ಬಿದ್ದ ಹಲ್ಲನ್ನೂ ಬಿಡದವನು, ಗೆಲುವಿನ ಸುದ್ದಿ ಹೇಳುತ್ತಲೇ ಕುಸಿದು ಸತ್ತ ವೀರನನ್ನು ಬಿಡುತ್ತಿದ್ದನಾ? ಅಂಥ ಕಥೆ ಕಿವಿಗೆ ಬಿದ್ದಿದ್ದರೆ ಎರಡು ಪುಟ ಬರೆಯುತ್ತಿದ್ದ.

ಆ ಕಥೆ ನಮಗೆ ಮೊದಲು ಸಿಗುವುದು ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕನಲ್ಲಿ, ಯುದ್ಧವಾಗಿ ಸುಮಾರು 600 ವರ್ಷ ಕಳೆದ ಮೇಲೆ. ಅಲ್ಲಿಯೂ ಓಡಿದವನು ಫೈಡಿಪ್ಪಿಡೀಸ್ ಅಲ್ಲ. ಹೆರಾಕ್ಲಿಡೀಸ್ ಎಂಬ ಲೇಖಕನ ಪ್ರಕಾರ ಅವನು ಥೆರ್ಸಿಪ್ಪಸ್, ಆದರೆ ಬಹಳ ಜನ ಯೂಕ್ಲೀಸ್ ಅನ್ನುತ್ತಾರೆ ಅಂತ ಪ್ಲುಟಾರ್ಕ್ ಬರೆಯುತ್ತಾನೆ. ಆ ಹೆರಾಕ್ಲಿಡೀಸ್ ಕೂಡ ಯುದ್ಧ ಮುಗಿದು ನೂರು ವರ್ಷದ ಮೇಲೆ ಬದುಕಿದ್ದವನು. ಅಂದರೆ ಹೆಸರಲ್ಲೇ ಒಮ್ಮತ ಇಲ್ಲ. ನಮ್ಮ ಓಟಗಾರನ ಹೆಸರನ್ನು ಇದಕ್ಕೆ ಅಂಟಿಸಿದವನು ಆಮೇಲೆ ಬಂದ ಲೂಸಿಯನ್ ಎಂಬ ಲೇಖಕ. ಅವನು ಬರೆಯುತ್ತಿದ್ದದ್ದು ಇತಿಹಾಸವೂ ಅಲ್ಲ. ದೊಡ್ಡ ಮನುಷ್ಯರೊಬ್ಬರಿಗೆ ಬೆಳಿಗ್ಗೆ ಹೇಳಬೇಕಾದ ನಮಸ್ಕಾರ ಬಿಟ್ಟು ಬೇರೇನೋ ಹೇಳಿಬಿಟ್ಟಿದ್ದ. ಅದನ್ನು ಸಮರ್ಥಿಸಿಕೊಳ್ಳಲು ಬರೆದ ಪ್ರಬಂಧದಲ್ಲಿ, ಯಾರು ಯಾವಾಗ ಹೇಗೆ ನಮಸ್ಕರಿಸಿದರು ಅನ್ನುವ ಉದಾಹರಣೆಗಳ ನಡುವೆ ಈ ಓಟಗಾರನ ಕೊನೆಯ ಮಾತು ಬರುತ್ತದೆ. ನೀವು ಭಾಷಣದಲ್ಲಿ ಕೇಳುವ ಕಥೆಯ ಬೇರು ಇದು.

ಇನ್ನೂ ಒಂದಿದೆ. ಕ್ರಿ.ಪೂ. 479ರಲ್ಲಿ ಗ್ರೀಕರು ಪರ್ಷಿಯನ್ನರ ಮೇಲೆ ಪ್ಲಟೀಯದ ಯುದ್ಧ ಗೆದ್ದ ಮೇಲೆ ಯೂಕಿಡಾಸ್ ಎಂಬವನು ಡೆಲ್ಫಿಗೆ ಓಡಿ, ಪವಿತ್ರ ಬೆಂಕಿ ತಂದು, ಊರವರಿಗೆ ಒಪ್ಪಿಸಿ ಸತ್ತ ಅನ್ನುವ ಕಥೆಯನ್ನೂ ಪ್ಲುಟಾರ್ಕ್ ಹೇಳುತ್ತಾನೆ. ಯೂಕ್ಲೀಸ್, ಯೂಕಿಡಾಸ್. ಇಬ್ಬರೂ ಓಡಿದರು, ಇಬ್ಬರೂ ಮುಟ್ಟಿದ ತಕ್ಷಣ ಸತ್ತರು. ಒಂದೇ ಕಥೆ ಎರಡು ಯುದ್ಧಗಳಿಗೆ ಹಂಚಿಹೋಗಿದೆ ಅಂತ ನನಗೆ ಅನ್ನಿಸುತ್ತದೆ.

ಉಳಿದದ್ದು ಹತ್ತೊಂಬತ್ತನೇ ಶತಮಾನದ ಕೆಲಸ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1879ರಲ್ಲಿ ಸ್ಪಾರ್ಟಾದ ಓಟವನ್ನೂ ಸಾವಿನ ಓಟವನ್ನೂ ಒಬ್ಬನಿಗೇ ಕಟ್ಟಿ ಕವಿತೆ ಬರೆದ. 1896ರ ಒಲಿಂಪಿಕ್ಸ್‌ನಲ್ಲಿ ಇಂಥದ್ದೊಂದು ಓಟ ಇರಲಿ ಅಂತ ಫ್ರಾನ್ಸ್‌ನ ಭಾಷಾತಜ್ಞ ಮಿಶೆಲ್ ಬ್ರೆಯಾಲ್ ಸಲಹೆ ಕೊಟ್ಟರು. ಅದನ್ನು ಗೆದ್ದವರು ಗ್ರೀಕರೇ ಆದ ಸ್ಪಿರಿಡಾನ್ ಲೂಯಿಸ್. ಅಲ್ಲಿಗೆ ಕಥೆ ಗಟ್ಟಿಯಾಯಿತು. ಅಂದಹಾಗೆ, 42.195 ಕಿಲೋಮೀಟರ್ ಅನ್ನುವ ಲೆಕ್ಕಕ್ಕೂ ಗ್ರೀಕರಿಗೂ ಸಂಬಂಧ ಇಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದ ರಾಜಮನೆತನದ ಆಸನಗಳ ಮುಂದಿನ ತನಕ ಇದ್ದ ದೂರ ಅದು.

ಮ್ಯಾರಥಾನ್‌ನಿಂದ ಅಥೆನ್ಸ್‌ಗೆ ಅವಸರದಲ್ಲಿ ಯಾರೂ ಬರಲಿಲ್ಲವಾ ಅಂದರೆ, ಬಂದರು. ಇಡೀ ಸೇನೆಯೇ ಬಂತು! ಸೋತ ಪರ್ಷಿಯನ್ನರು ಹಡಗು ಹತ್ತಿ ಸೂನಿಯನ್ ಭೂಶಿರ ಸುತ್ತಿ ಅಥೆನ್ಸ್ ಕಡೆ ಹೊರಟರು. ಸೇನೆ ಊರಲ್ಲಿಲ್ಲದಾಗ ನುಗ್ಗುವ ಲೆಕ್ಕಾಚಾರ. ಅಥೆನ್ಸ್‌ನವರು ದಡಬಡಿಸಿ ನಡೆದು ಊರಿಗೆ ಮೊದಲು ಮುಟ್ಟಿದರು. ಅಥೆನ್ಸ್‌ನ ಬಂದರು ಫಲೇರಾನ್ ಎದುರು ಲಂಗರು ಹಾಕಿದ ಪರ್ಷಿಯನ್ ಹಡಗುಗಳು ಸ್ವಲ್ಪ ಹೊತ್ತು ನಿಂತು ಏಷ್ಯಾಕ್ಕೆ ವಾಪಸ್ ಹೋದವು. ಕತ್ತಿ, ಈಟಿ, ಭಾರದ ಗುರಾಣಿ ಹೊತ್ತು ಹೋರಾಡಿ ದಣಿದವರ ಈ ನಡಿಗೆಗೆ ಯಾರೂ ಪದಕ ಕೊಡುವುದಿಲ್ಲ. ಹುಣ್ಣಿಮೆ ಮುಗಿಸಿ ಹೊರಟ 2,000 ಸ್ಪಾರ್ಟನ್ನರು ಯುದ್ಧ ಮುಗಿದ ಮೇಲೆ ಬಂದರು. ಮ್ಯಾರಥಾನ್‌ಗೆ ಹೋಗಿ ಸತ್ತ ಪರ್ಷಿಯನ್ನರನ್ನು ನೋಡಿ, ಅಥೆನ್ಸ್‌ನವರನ್ನು ಹೊಗಳಿ, ಮನೆಗೆ ಹೋದರು.

ಇಷ್ಟು ಬರೆದ ಮೇಲೆ ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈ ಯುದ್ಧಗಳಲ್ಲಿ ಭಾರತೀಯರು ಇದ್ದರು. ಮ್ಯಾರಥಾನ್‌ನಲ್ಲಿ ಅಲ್ಲ, ಹತ್ತು ವರ್ಷದ ನಂತರ ಡೇರಿಯಸ್‌ನ ಮಗ ಕ್ಸರ್ಕ್ಸೀಸ್ ಬಂದಾಗ. ನಮ್ಮ ಕಡೆಯವರಲ್ಲ, ಪರ್ಷಿಯದ ಕೈಕೆಳಗಿದ್ದ ಸಿಂಧೂ ನದಿಯ ಕಡೆಯವರು. ಗಾಂಧಾರದವರ ಪಡೆಯೂ ಬೇರೆಯಾಗಿ ಇತ್ತು. ಹತ್ತಿಬಟ್ಟೆ ಉಟ್ಟಿದ್ದರು, ಬಿದಿರಿನ ಜಾತಿಯ ಬಿಲ್ಲುಬಾಣ, ಬಾಣಕ್ಕೆ ಕಬ್ಬಿಣದ ಮೊನೆ ಅಂತ ಹೆರೊಡೋಟಸ್ ಬರೆಯುತ್ತಾನೆ. ಸಾಲಮಿಸ್ ಸಮುದ್ರಯುದ್ಧದ ಸೋಲಿನ ನಂತರ ಕ್ಸರ್ಕ್ಸೀಸ್ ಊರಿಗೆ ಹೊರಟಾಗ, ಗ್ರೀಸ್‌ನಲ್ಲಿ ಉಳಿದ ಸೇನಾಪತಿ ಮಾರ್ಡೋನಿಯಸ್ ಆರಿಸಿಕೊಂಡ ಪಡೆಗಳಲ್ಲಿ ಭಾರತೀಯರ ಕಾಲಾಳು, ಕುದುರೆ ಎರಡೂ ಇದ್ದವು. ಮರುವರ್ಷ ಪ್ಲಟೀಯದಲ್ಲಿ ಅವರನ್ನು ನಿಲ್ಲಿಸಿದ್ದು ಎರೆಟ್ರಿಯ ಮತ್ತು ಇನ್ನು ಕೆಲವು ಊರುಗಳವರ ಎದುರು. ಅವರು ಅಲ್ಲಿ ಏನು ಮಾಡಿದರು ಅಂತ ಕೇಳಿದರೆ ಹೆಮ್ಮೆಪಡುವಂಥದ್ದು ಹೇಳಲಾರೆ. ಮಾರ್ಡೋನಿಯಸ್ ಸತ್ತು ಪರ್ಷಿಯನ್ನರು ದಿಕ್ಕೆಟ್ಟಾಗ, ಉಳಿದ ಪಡೆಗಳಲ್ಲಿ ಹೆಚ್ಚಿನವು ಕೈ ಮಿಲಾಯಿಸುವ ಮೊದಲೇ ಕಾಲ್ಕಿತ್ತವು ಅನ್ನುತ್ತಾನೆ ಹೆರೊಡೋಟಸ್. ಚೆನ್ನಾಗಿ ಹೋರಾಡಿದವರು ಅಂತ ಅವನು ಹೆಸರಿಸಿದ್ದು ಪರ್ಷಿಯನ್ ಕಾಲಾಳುಗಳನ್ನು, ಶಕರ ಕುದುರೆ ಪಡೆಯನ್ನು.