ಮ್ಯಾನ್ಮಾರ್ ಸೇನಾ ದಂಗೆ: ದೂರದವರ ಗದರಿಕೆ, ಬೇಲಿ ಪಕ್ಕದವರ ಲೆಕ್ಕಾಚಾರ

ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮ್ಯಾನ್ಮಾರ್ ಎಂಬ ಫಲಕದ ಹಿಂದೆ ಕೂರುತ್ತ ಬಂದವರು ರಾಯಭಾರಿ ಕ್ಯಾವ್ ಮೋ ತುನ್. ಸೇನೆ ಅವರನ್ನು 2021ರಲ್ಲೇ ವಜಾ ಮಾಡಿದೆ. ಅವರು ಆ ವಜಾವನ್ನೂ ಒಪ್ಪಿಲ್ಲ, ಸೇನೆಯನ್ನೂ ಒಪ್ಪಿಲ್ಲ. ಅದೇ ದೇಶದ ಪರವಾಗಿ 2022ರ ಫೆಬ್ರುವರಿಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ, ರೋಹಿಂಗ್ಯಾ ನರಮೇಧದ ಮೊಕದ್ದಮೆಯಲ್ಲಿ, ಹಾಜರಾದವರು ಸೇನಾ ಆಡಳಿತ ಕಳುಹಿಸಿದ ಪ್ರತಿನಿಧಿಗಳು. ಇನ್ನು ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್ ಶೃಂಗಸಭೆಗಳಲ್ಲಿ ಎಷ್ಟೋ ಬಾರಿ ಆ ದೇಶದ ಕುರ್ಚಿ ಖಾಲಿಯೇ ಉಳಿದಿದೆ. ಒಂದು ದೇಶದ ಸರ್ಕಾರ ಯಾವುದು ಎಂಬ ಪ್ರಶ್ನೆಗೆ ಮೂರು ಊರುಗಳಲ್ಲಿ ಮೂರು ಉತ್ತರ.

2021ರ ಫೆಬ್ರುವರಿ 1ರ ಸೇನಾ ದಂಗೆಗೆ ಹೊರಜಗತ್ತು ಹೇಗೆ ಪ್ರತಿಕ್ರಿಯಿಸಿತು ಎಂದು ಕೇಳಿದರೆ ಹೇಳಿಕೆ, ನಿರ್ಬಂಧ, ನಿರ್ಣಯಗಳ ದೊಡ್ಡ ಕಂತೆಯೇ ಸಿಗುತ್ತದೆ. ಆ ಕಂತೆಯೊಳಗೆ ಒಂದು ಎಳೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮ್ಯಾನ್ಮಾರ್ ಗಡಿಯಿಂದ ದೂರ ಇದ್ದಷ್ಟೂ ದನಿ ಜೋರು. ಹತ್ತಿರ ಬಂದಷ್ಟೂ ಮೆಲು. ರಷ್ಯಾದಂಥ ಅಪವಾದಗಳಿವೆ. ಆದರೂ ಈ ಎಳೆ ಹಿಡಿದು ಹೊರಟರೆ ಉಳಿದದ್ದು ತಕ್ಕಮಟ್ಟಿಗೆ ಅರ್ಥವಾಗುತ್ತದೆ.

ಸೇನೆ ಅಧಿಕಾರ ಹಿಡಿದದ್ದು ಅದೇ ಮೊದಲೇನಲ್ಲ. 1962ರಲ್ಲಿ ಜನರಲ್ ನೇ ವಿನ್ ಅವರು ಯು ನು ಸರ್ಕಾರವನ್ನು ಕೆಳಗಿಳಿಸಿದಾಗ ವಿಶ್ವಸಂಸ್ಥೆಯ ಹಂಗಾಮಿ ಮುಖ್ಯಸ್ಥರಾಗಿದ್ದವರು ಬರ್ಮಾದವರೇ (ಮ್ಯಾನ್ಮಾರ್‌ನ ಹಳೆಯ ಹೆಸರು) ಆದ ಯು ಥಾಂಟ್. ಅಷ್ಟಾದರೂ ಜಗತ್ತು ಹೆಚ್ಚು ಸದ್ದು ಮಾಡಲಿಲ್ಲ. ನಾಲ್ಕು ವರ್ಷಗಳ ಬಳಿಕ ನೇ ವಿನ್ ಶ್ವೇತಭವನದ ಅತಿಥಿಯೂ ಆದರು. ಆ ಹೊತ್ತಿಗೆ ರಂಗೂನಿನಲ್ಲಿ (ಈಗಿನ ಯಾಂಗೂನ್) ಅಂಗಡಿ, ಗಿರಣಿ ಕಳೆದುಕೊಂಡ ಲಕ್ಷಾಂತರ ಭಾರತೀಯರು ಹಡಗು ಹತ್ತಿ ಮದ್ರಾಸಿಗೆ ಬಂದಿದ್ದರು. 1988ರ ವಿದ್ಯಾರ್ಥಿ ದಂಗೆ, ಸಾವಿರಾರು ಸಾವು, ಮತ್ತೆ ಸೇನಾ ಆಡಳಿತ, 1990ರ ಚುನಾವಣೆಯಲ್ಲಿ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಅವರ ಎನ್‌ಎಲ್‌ಡಿ ಪಕ್ಷದ ಭಾರಿ ಗೆಲುವು, ಅದಕ್ಕೆ ಸೇನೆಯ ನಿರಾಕರಣೆ, 1991ರಲ್ಲಿ ಸೂ ಕಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ, 1997ರಲ್ಲಿ ಒಂದು ಕಡೆ ಅಮೆರಿಕದ ಹೂಡಿಕೆ ನಿಷೇಧ, ಇನ್ನೊಂದು ಕಡೆ ಆಸಿಯಾನ್ ಸದಸ್ಯತ್ವ, 2007ರ ಭಿಕ್ಷುಗಳ ಪ್ರತಿಭಟನೆ, 2011ರ ನಂತರದ ಅರ್ಧ ಬಾಗಿಲು ತೆರೆದ ಪ್ರಜಾಪ್ರಭುತ್ವ, 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಬಂದದ್ದು.

ಭಾರತದ ನಿಲುವು ತಿರುಗಿದ್ದೂ ಈ ಮೂರು ದಶಕಗಳಲ್ಲೇ. 1988ರಲ್ಲಿ ಚಳವಳಿಗಾರರ ಪರವಾಗಿ ಬಹಿರಂಗವಾಗಿ ಮಾತಾಡಿದ ನೆರೆಯ ದೇಶ ಭಾರತ. ಸೂ ಕಿ ಓದಿದ್ದು ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ. ಅವರ ತಾಯಿ ದೆಹಲಿಯಲ್ಲಿ ಬರ್ಮಾದ ರಾಯಭಾರಿಯಾಗಿದ್ದವರು. ಆದರೆ ಈಶಾನ್ಯದ ಬಂಡುಕೋರ ಗುಂಪುಗಳು ಗಡಿಯಾಚೆ ಅಡಗುತ್ತಿದ್ದವು, ಚೀನಾ ಅಲ್ಲಿ ರಸ್ತೆ ಮತ್ತು ಬಂದರುಗಳಿಗೆ ಹಣ ಸುರಿಯುತ್ತಿತ್ತು. ಹೀಗಾಗಿ 1993ರಲ್ಲಿ ಸೂ ಕಿ ಅವರಿಗೆ ನೆಹರೂ ಪ್ರಶಸ್ತಿ ಘೋಷಿಸಿದ ದೆಹಲಿ, 2004ರಲ್ಲಿ ಸೇನಾ ಆಡಳಿತದ ಮುಖ್ಯಸ್ಥ ಜನರಲ್ ಥಾನ್ ಶ್ವೆ ಅವರಿಗೆ ಸರ್ಕಾರಿ ಸ್ವಾಗತ ನೀಡಿತು. 2007ರ ಸೆಪ್ಟೆಂಬರಿನಲ್ಲಿ ಭಿಕ್ಷುಗಳು ಬೀದಿಯಲ್ಲಿದ್ದ ದಿನಗಳಲ್ಲೇ ನಮ್ಮ ಪೆಟ್ರೋಲಿಯಂ ಸಚಿವರು ಮ್ಯಾನ್ಮಾರ್‌ನಲ್ಲಿ ಅನಿಲ ಶೋಧದ ಒಪ್ಪಂದಗಳ ಮೇಜಿನ ಮುಂದಿದ್ದರು. ಪಕ್ಷಗಳು ಬದಲಾದವು, ಈ ನೀತಿ ಬದಲಾಗಲಿಲ್ಲ.

ಈಗ 2021ಕ್ಕೆ ಬರೋಣ. ಹಿಂದಿನ ನವೆಂಬರಿನ ಚುನಾವಣೆಯಲ್ಲಿ ಎನ್‌ಎಲ್‌ಡಿ 476ರಲ್ಲಿ 396 ಸ್ಥಾನ ಗೆದ್ದಿತ್ತು, ಸೇನೆಯ ಬೆಂಬಲದ ಪಕ್ಷಕ್ಕೆ ಸಿಕ್ಕಿದ್ದು 33. ಅಕ್ರಮ ನಡೆದಿದೆ ಎಂದ ಸೇನೆ, ಹೊಸ ಸಂಸತ್ತು ಸೇರಬೇಕಿದ್ದ ದಿನದ ಬೆಳಗಿನ ಜಾವವೇ ರಾಜಧಾನಿ ನೇಪಿಡಾದಲ್ಲಿ ಸೂ ಕಿ, ಅಧ್ಯಕ್ಷ ವಿನ್ ಮಿಂಟ್ ಮುಂತಾದವರನ್ನು ಬಂಧಿಸಿತು. ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಕೈಗೆ ಅಧಿಕಾರ ಹೋಯಿತು.

ಮರುದಿನವೇ ಅಮೆರಿಕ ಇದನ್ನು ಸೇನಾ ಕ್ಷಿಪ್ರಕ್ರಾಂತಿ ಎಂದು ಕಾನೂನಿನ ಪ್ರಕಾರ ತೀರ್ಮಾನಿಸಿತು. ಹತ್ತು ದಿನಗಳೊಳಗೆ ಜನರಲ್‌ಗಳ ಮೇಲೆ ನಿರ್ಬಂಧ ಬಿತ್ತು, ಅಮೆರಿಕದಲ್ಲಿದ್ದ ಸುಮಾರು 100 ಕೋಟಿ ಡಾಲರ್ ಸೇನೆಯ ಕೈಗೆ ಸಿಗದಂತೆ ತಡೆಯಲಾಯಿತು. ನ್ಯೂಜಿಲೆಂಡ್ ಉನ್ನತ ಮಟ್ಟದ ಸಂಪರ್ಕವನ್ನೇ ಕಡಿದುಕೊಂಡಿತು. ಬ್ರಿಟನ್, ಕೆನಡಾ, ನಂತರ ಐರೋಪ್ಯ ಒಕ್ಕೂಟ ತಮ್ಮ ತಮ್ಮ ಪಟ್ಟಿ ಹೊರಡಿಸಿದವು. ಇವೆಲ್ಲ ಮ್ಯಾನ್ಮಾರ್ ಜತೆ ಗಡಿ ಹಂಚಿಕೊಳ್ಳದ ದೇಶಗಳು ಎಂಬುದನ್ನು ಗಮನಿಸಬೇಕು. ಜಪಾನಿನದು ನಡುದಾರಿ. ಹೊಸ ನೆರವು ನಿಲ್ಲಿಸಿತು, ನಡೆಯುತ್ತಿದ್ದ ಕಾಮಗಾರಿಗಳನ್ನು ಮುಂದುವರಿಸಿತು. ಅಲ್ಲಿನ ಬಿಯರ್ ಕಂಪನಿ ಕಿರಿನ್ ಮಾತ್ರ ಸೇನೆಯ ಕಂಪನಿಯೊಂದಿಗಿನ ಪಾಲುದಾರಿಕೆ ಮುಗಿಸುವುದಾಗಿ ದಂಗೆಯಾದ ವಾರದೊಳಗೇ ಘೋಷಿಸಿತು.

ಹತ್ತಿರದವರ ಮಾತು ಬೇರೆಯೇ ಇತ್ತು. ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಇದನ್ನು ಸಂಪುಟದ ದೊಡ್ಡ ಪುನಾರಚನೆ ಎಂದು ವರದಿ ಮಾಡಿತು. ಥಾಯ್ಲೆಂಡ್, ಕಾಂಬೋಡಿಯ, ಫಿಲಿಪ್ಪೀನ್ಸ್ ಮೊದಲಿಗೆ ಇದು ಆಂತರಿಕ ವಿಚಾರ ಎಂದವು. ಭಾರತ ತೀವ್ರ ಕಳವಳ ವ್ಯಕ್ತಪಡಿಸಿ, ಪ್ರಜಾತಂತ್ರದತ್ತ ಸಾಗುವ ಪ್ರಕ್ರಿಯೆಗೆ ತನ್ನ ಬೆಂಬಲ ಸದಾ ಇದೆ ಎಂದಿತು, ಖಂಡನೆ ಇರಲಿಲ್ಲ. ಥಾಯ್ಲೆಂಡಿನ ಪ್ರಸಂಗವಂತೂ ಓದಿ ನಗಬೇಕೋ ಅಳಬೇಕೋ ತಿಳಿಯದು. ತಮ್ಮ ದೇಶದ ಪ್ರಜಾಪ್ರಭುತ್ವಕ್ಕೆ ನೆರವಾಗಿ ಎಂದು ಮಿನ್ ಆಂಗ್ ಲೈಂಗ್ ಪತ್ರ ಬರೆದದ್ದು ಥಾಯ್ ಪ್ರಧಾನಿ ಪ್ರಯುತ್ ಚಾನ್-ಒ-ಚಾ ಅವರಿಗೆ. ಪ್ರಯುತ್ ಸ್ವತಃ 2014ರಲ್ಲಿ ದಂಗೆ ನಡೆಸಿ ಅಧಿಕಾರಕ್ಕೆ ಬಂದ ಸೇನಾಧಿಕಾರಿ.

ಫೆಬ್ರುವರಿ 26ರಂದು ನ್ಯೂಯಾರ್ಕಿನಲ್ಲಿ ಕ್ಯಾವ್ ಮೋ ತುನ್ ತಮ್ಮ ಭಾಷಣ ಮುಗಿಸುವಾಗ ಮೂರು ಬೆರಳೆತ್ತಿದರು; ಯಾಂಗೂನಿನ ಬೀದಿಗಳಲ್ಲಿ ಪ್ರತಿಭಟನಕಾರರು ಎತ್ತುತ್ತಿದ್ದ ಬೆರಳುಗಳವು. ಲಂಡನ್ನಿನಲ್ಲಿ ಅಂಥದ್ದೇ ಧೈರ್ಯ ತೋರಿದ ರಾಯಭಾರಿ ಕ್ಯಾವ್ ಜ್ವಾರ್ ಮಿನ್ ಅವರನ್ನು ಏಪ್ರಿಲ್ 7ರಂದು ಅವರದೇ ಸಿಬ್ಬಂದಿ ಕಚೇರಿಯಿಂದ ಹೊರಗಿಟ್ಟು ಬಾಗಿಲು ಹಾಕಿದರು. ಅವರು ಆ ರಾತ್ರಿ ಕಾರಿನಲ್ಲೇ ಮಲಗಿದರು. ಬ್ರಿಟನ್ ಸೇನೆಯ ನಡೆಯನ್ನು ಬೆದರಿಸುವ ಕೆಲಸ ಎಂದು ಟೀಕಿಸಿತು, ಆದರೆ ರಾಯಭಾರಿಯ ಬದಲಾವಣೆಯನ್ನು ಒಪ್ಪಿಕೊಂಡಿತು. ಜೋರು ದನಿಯವರಿಗೂ ಒಂದು ಮಿತಿ ಇತ್ತು ಎಂಬುದು ಅಲ್ಲಿಯೇ ಗೊತ್ತಾಯಿತು.

ಮಾರ್ಚ್ 27, ಸಶಸ್ತ್ರ ಪಡೆಗಳ ದಿನ. ಅಂದು ದೇಶದುದ್ದಕ್ಕೂ ಗುಂಡಿಗೆ ಬಲಿಯಾದವರು ನೂರಕ್ಕೂ ಹೆಚ್ಚು, ಅವರಲ್ಲಿ ಮಕ್ಕಳೂ ಇದ್ದರು. ನೇಪಿಡಾದ ಪಥಸಂಚಲನಕ್ಕೆ ಎಂಟು ದೇಶಗಳ ಪ್ರತಿನಿಧಿಗಳು ಹಾಜರಿದ್ದರು. ರಷ್ಯಾ ತನ್ನ ಉಪ ರಕ್ಷಣಾ ಸಚಿವರನ್ನೇ ಕಳುಹಿಸಿತ್ತು. ಚೀನಾ, ಪಾಕಿಸ್ತಾನ, ಬಾಂಗ್ಲಾದೇಶ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್, ಜತೆಗೆ ಭಾರತ. ಭಾರತ, ಚೀನಾ ಮತ್ತು ಪಾಕಿಸ್ತಾನ ಒಂದೇ ಸಾಲಿನಲ್ಲಿ ಕೂರುವ ಸಮಾರಂಭಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಆಮೇಲೆ ಎಲ್ಲರೂ ಆಸಿಯಾನ್ ಕಡೆ ಕೈ ತೋರಿಸತೊಡಗಿದರು. ಅಮೆರಿಕ, ಚೀನಾ, ಭಾರತ, ವಿಶ್ವಸಂಸ್ಥೆ ಎಲ್ಲರ ಹೇಳಿಕೆಯಲ್ಲೂ ಆಸಿಯಾನ್ ಮುಂದಾಳತ್ವಕ್ಕೆ ಬೆಂಬಲ. ಏಪ್ರಿಲ್ 24ರಂದು ಜಕಾರ್ತದಲ್ಲಿ ಮಿನ್ ಆಂಗ್ ಲೈಂಗ್ ಅವರನ್ನೇ ಎದುರಿಗೆ ಕೂರಿಸಿಕೊಂಡು ಐದು ಅಂಶಗಳ ಒಮ್ಮತಕ್ಕೆ ಬರಲಾಯಿತು: ಹಿಂಸೆ ನಿಲ್ಲಬೇಕು, ಎಲ್ಲರೊಡನೆ ಮಾತುಕತೆ ನಡೆಯಬೇಕು, ವಿಶೇಷ ದೂತರ ನೇಮಕವಾಗಬೇಕು, ಅವರು ಎಲ್ಲರನ್ನೂ ಭೇಟಿಯಾಗಬೇಕು, ಮಾನವೀಯ ನೆರವು ತಲುಪಬೇಕು. ರಾಜಕೀಯ ಕೈದಿಗಳ ಬಿಡುಗಡೆ ಈ ಐದರಲ್ಲಿ ಸೇರಲಿಲ್ಲ. ಕೆಲವೇ ದಿನಗಳಲ್ಲಿ ಸೇನೆ, ಇವು ಸಲಹೆಗಳು, ಪರಿಸ್ಥಿತಿ ತಿಳಿಯಾದ ಮೇಲೆ ನೋಡೋಣ ಎಂದಿತು. ದೂತರನ್ನು ನೇಮಿಸಲು ಆಗಸ್ಟ್ ಬಂತು. ಸೂ ಕಿ ಅವರನ್ನು ಕಾಣಲು ಬಿಡುವುದಿಲ್ಲ ಎಂದಾಗ ಬ್ರೂನೈನ ಆ ದೂತರು ಪ್ರವಾಸವನ್ನೇ ರದ್ದು ಮಾಡಿದರು. ಅಕ್ಟೋಬರಿನಲ್ಲಿ ಆಸಿಯಾನ್ ತನ್ನ ಇತಿಹಾಸದಲ್ಲಿ ಹಿಂದೆಂದೂ ಮಾಡದ ಕೆಲಸ ಮಾಡಿತು: ಸದಸ್ಯ ದೇಶದ ಆಡಳಿತ ಮುಖ್ಯಸ್ಥನನ್ನು ಶೃಂಗಸಭೆಯಿಂದ ಹೊರಗಿಟ್ಟಿತು. ಒಬ್ಬರು ಇನ್ನೊಬ್ಬರ ಮನೆಯ ವಿಚಾರಕ್ಕೆ ಕೈಹಾಕಬಾರದು ಎಂಬುದನ್ನೇ ಮೂಲಮಂತ್ರ ಮಾಡಿಕೊಂಡ ಕೂಟಕ್ಕೆ ಇದು ಸಣ್ಣ ಹೆಜ್ಜೆಯಲ್ಲ. ಆದರೆ ಅದರಾಚೆಗಿನ ಹೆಜ್ಜೆ ಬರಲೇ ಇಲ್ಲ.

ಜೂನ್ 18ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ದಂಗೆಯನ್ನು ಖಂಡಿಸಿ, ಶಸ್ತ್ರಾಸ್ತ್ರ ಹೋಗದಂತೆ ತಡೆಯಿರಿ ಎಂದು ಕರೆ ಕೊಟ್ಟಿತು. ಪರ 119 ಮತ, ವಿರೋಧ ಬೆಲಾರಸ್‌ನದು ಒಂದೇ. ಮತ ಹಾಕದೆ ತಟಸ್ಥ ಉಳಿದವು 36. ಅವುಗಳಲ್ಲಿ ಭಾರತ, ಚೀನಾ, ಬಾಂಗ್ಲಾದೇಶ, ಥಾಯ್ಲೆಂಡ್, ಲಾವೋಸ್. ಅಂದರೆ ಮ್ಯಾನ್ಮಾರ್‌ಗೆ ಗಡಿಯಿರುವ ಐದೂ ದೇಶಗಳು.

ಅದೇ ಜೂನಿನಲ್ಲಿ ನಡೆದ ಇನ್ನೊಂದು ಸಂಗತಿ ಅಷ್ಟಾಗಿ ಸುದ್ದಿಯಾಗಲಿಲ್ಲ. ವರ್ಷಕ್ಕೆ 2.5 ಲಕ್ಷ ಟನ್ ಉದ್ದು ಮತ್ತು 1 ಲಕ್ಷ ಟನ್ ತೊಗರಿಯನ್ನು ಮ್ಯಾನ್ಮಾರ್‌ನಿಂದ ತರಿಸಿಕೊಳ್ಳುವ ಐದು ವರ್ಷಗಳ ವ್ಯವಸ್ಥೆಗೆ ಭಾರತ ಅಧಿಸೂಚನೆ ಹೊರಡಿಸಿತು. ನಾವು ಹೊರಗಿನಿಂದ ತರಿಸುವ ಉದ್ದಿನಲ್ಲಿ ಬಹುಪಾಲು ಬರುತ್ತಿದ್ದದ್ದು ಅಲ್ಲಿಂದಲೇ. ಬೆಂಗಳೂರಿನ ದರ್ಶಿನಿಯ ಇಡ್ಲಿ ಹಿಟ್ಟಿಗೂ ಯಾಂಗೂನ್ ಬಂದರಿಗೂ ನಂಟಿದೆ. ತೊಗರಿ ಹೊರಗಿನಿಂದ ಬಂತೆಂದರೆ ಕಲಬುರಗಿಯ ಬೆಳೆಗಾರ ದರದ ಚಿಂತೆಗೆ ಬೀಳುವುದೂ ಈ ಕತೆಯ ಭಾಗವೇ. ಬೇಳೆಯನ್ನು ಬೆಳೆದವನು ಬರ್ಮಾದ ರೈತ, ಅದನ್ನು ನಿಲ್ಲಿಸಿದ್ದರೆ ಅವನಿಗೇ ಪೆಟ್ಟು ಎಂಬ ವಾದದಲ್ಲಿ ಹುರುಳಿದೆ. ಆದರೆ ಶಸ್ತ್ರಾಸ್ತ್ರಕ್ಕೆ ಆ ವಾದ ಒಗ್ಗುವುದಿಲ್ಲ. ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇ ತಿಂಗಳಲ್ಲಿ ಕೊಟ್ಟ ಲೆಕ್ಕದಂತೆ ದಂಗೆಯ ನಂತರ ಸೇನೆಗೆ ತಲುಪಿದ ಶಸ್ತ್ರಾಸ್ತ್ರ ಮತ್ತು ಸಾಮಗ್ರಿಯ ಮೌಲ್ಯ 100 ಕೋಟಿ ಡಾಲರ್: ರಷ್ಯಾದಿಂದ 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಪುರ ಮೂಲದ ಕಂಪನಿಗಳಿಂದ 25.4 ಕೋಟಿ, ಭಾರತದಿಂದ 5.1 ಕೋಟಿ, ಥಾಯ್ಲೆಂಡಿನಿಂದ 2.8 ಕೋಟಿ. ಸಿಂಗಪುರ ಸರ್ಕಾರ ತನಿಖೆಗೆ ಇಳಿದ ಮೇಲೆ ಅಲ್ಲಿನ ವಹಿವಾಟು ಒಂದೇ ವರ್ಷದಲ್ಲಿ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯಿತು ಎಂದು ಮರುವರ್ಷದ ವರದಿ ಹೇಳಿತು. ಅದೇ ವರದಿಯ ಪ್ರಕಾರ ಥಾಯ್ ಬ್ಯಾಂಕುಗಳ ಮೂಲಕ ನಡೆದ ಖರೀದಿ ದುಪ್ಪಟ್ಟಾಯಿತು. ಮನಸ್ಸು ಮಾಡಿದರೆ ಒಂದು ಬಾಗಿಲು ಮುಚ್ಚಬಹುದಿತ್ತು, ಪಕ್ಕದ ಬಾಗಿಲು ತೆರೆದೇ ಇತ್ತು.

ಭಾರತ–ಮ್ಯಾನ್ಮಾರ್ ಗಡಿಯ ಉದ್ದ 1,643 ಕಿಲೋಮೀಟರ್. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ದೆಹಲಿಯ ನೀತಿ ಆ ಗಡಿಯಲ್ಲಿ ಹೇಗೆ ಕಂಡಿತು ಎಂಬುದಕ್ಕೆ 2021ರ ಮಾರ್ಚ್ ತಿಂಗಳೊಂದೇ ಸಾಕು. ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಲು ಒಪ್ಪದ ಪೊಲೀಸರು ತಿಯಾವು ನದಿ ದಾಟಿ ಮಿಜೋರಾಂಗೆ ಬಂದರು. ಅವರನ್ನು ವಾಪಸ್ ಕಳುಹಿಸಿ ಎಂದು ಆಚೆಯ ಅಧಿಕಾರಿ ಚಂಫಾಯ್ ಜಿಲ್ಲಾಧಿಕಾರಿಗೆ ಪತ್ರ ಬರೆದರು. ಒಳಬರುವವರನ್ನು ತಡೆಯಿರಿ ಎಂದು ಕೇಂದ್ರ ಗೃಹ ಸಚಿವಾಲಯ ನಾಲ್ಕು ಈಶಾನ್ಯ ರಾಜ್ಯಗಳಿಗೆ ಸೂಚಿಸಿತು. ಮಣಿಪುರ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಊಟ–ವಸತಿಯ ಶಿಬಿರ ತೆರೆಯಬೇಡಿ, ಸೌಜನ್ಯದಿಂದಲೇ ವಾಪಸ್ ಕಳುಹಿಸಿ ಎಂದು ಆದೇಶಿಸಿತು. ಟೀಕೆ ಎದ್ದ ಮೇಲೆ ಅದನ್ನು ಹಿಂಪಡೆಯಿತು. ಮಿಜೋರಾಂ ಮುಖ್ಯಮಂತ್ರಿ ಜೋರಾಮ್‌ತಂಗಾ ಮಾತ್ರ ಪ್ರಧಾನಿಗೆ ಪತ್ರ ಬರೆದು, ಬಂದವರು ನಮ್ಮ ರಕ್ತಸಂಬಂಧಿಗಳು, ಅವರ ಕಷ್ಟಕ್ಕೆ ಕಣ್ಣುಮುಚ್ಚಲಾಗದು ಎಂದರು. ಮಿಜೋ ಮತ್ತು ಚಿನ್ ಜನ ಒಂದೇ ಬೇರಿನವರು. ಚರ್ಚ್‌ಗಳು, ಯುವ ಸಂಘಟನೆಗಳು, ಹಳ್ಳಿಯ ಮನೆಗಳು ಅನ್ನ ಹಾಕಿದವು. ಮುಂದಿನ ವರ್ಷಗಳಲ್ಲಿ ಅಲ್ಲಿ ಆಶ್ರಯ ಪಡೆದವರ ಸಂಖ್ಯೆ 30 ಸಾವಿರ ದಾಟಿತು. ಹೊರಜಗತ್ತಿನ ಪ್ರತಿಕ್ರಿಯೆಗಳ ಪಟ್ಟಿ ಮಾಡುವವರು ಐಜ್ವಾಲನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅಲ್ಲಿಂದ ಮುಂದಿನದನ್ನು ಬೇಗ ಹೇಳಬಹುದು. ಪದಚ್ಯುತ ಸಂಸದರು ರಚಿಸಿದ ರಾಷ್ಟ್ರೀಯ ಏಕತಾ ಸರ್ಕಾರ ಸಶಸ್ತ್ರ ಹೋರಾಟ ಸಾರಿತು. 2022ರ ಜುಲೈನಲ್ಲಿ ಸೇನಾ ಆಡಳಿತ ತನ್ನ ನಾಲ್ವರು ವಿರೋಧಿಗಳನ್ನು ಗಲ್ಲಿಗೇರಿಸಿತು, ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮ್ಯಾನ್ಮಾರ್ ಕುರಿತು ನಿರ್ಣಯವೊಂದನ್ನು ಅಂಗೀಕರಿಸಿತು. ಚೀನಾ, ರಷ್ಯಾ, ಭಾರತ ಮೂರೂ ತಟಸ್ಥ. ಪಾಶ್ಚಾತ್ಯ ತೈಲ ಕಂಪನಿಗಳಾದ ಟೋಟಲ್ ಎನರ್ಜೀಸ್ ಮತ್ತು ಶೆವ್ರಾನ್ ಮ್ಯಾನ್ಮಾರ್‌ನ ಯಾದನಾ ಅನಿಲ ಕ್ಷೇತ್ರದಿಂದ ಹೊರನಡೆದವು, ಥಾಯ್ ಕಂಪನಿ ನಿರ್ವಹಣೆ ವಹಿಸಿಕೊಂಡಿತು, ಅನಿಲ ಹರಿಯುತ್ತಲೇ ಇತ್ತು.

ಚೀನಾದ ನಡೆ ಮಾತ್ರ ಸ್ವಲ್ಪ ನಿಂತು ನೋಡಬೇಕಾದದ್ದು. ಗಡಿಯಲ್ಲಿ ಬೆಳೆದ ಸೈಬರ್ ವಂಚನೆಯ ಅಡ್ಡೆಗಳು ಚೀನೀಯರನ್ನೇ ದೋಚುತ್ತಿದ್ದವು, ಸೇನೆ ಅವನ್ನು ಮಟ್ಟಹಾಕುತ್ತಿರಲಿಲ್ಲ. 2023ರ ಅಕ್ಟೋಬರ್ 27ರಂದು ಮೂರು ಬಂಡುಕೋರ ಪಡೆಗಳು ಚೀನಾ ಗಡಿಗೆ ಹೊಂದಿದ ಶಾನ್ ರಾಜ್ಯದ ಉತ್ತರ ಭಾಗದಲ್ಲಿ ದಾಳಿ ಆರಂಭಿಸಿದಾಗ ಬೀಜಿಂಗ್ ತಡೆಯಲಿಲ್ಲ. ಅಡ್ಡೆಗಳು ಬಿದ್ದವು. ಆದರೆ 2024ರ ಆಗಸ್ಟ್‌ನಲ್ಲಿ ಲಾಶಿಯೊ ನಗರವೇ ಬಂಡುಕೋರರ ಕೈಸೇರಿ, ಸೇನಾ ಆಡಳಿತ ಕುಸಿಯಬಹುದು ಎನಿಸಿದಾಗ ಚೀನಾ ಗಡಿ ದ್ವಾರಗಳನ್ನು ಮುಚ್ಚಿತು, ಸರಬರಾಜು ಕತ್ತರಿಸಿತು. 2025ರ ಏಪ್ರಿಲ್‌ನಲ್ಲಿ ಲಾಶಿಯೊ ಮತ್ತೆ ಸೇನೆಯ ಕೈಗೆ ಬಂತು. ಯಾರು ಆಳಬೇಕು ಎನ್ನುವುದಕ್ಕಿಂತ ಕ್ಯಾಕ್‌ಫ್ಯೂ ಬಂದರಿನಿಂದ ಯುನ್ನಾನ್‌ವರೆಗಿನ ತೈಲ–ಅನಿಲ ಕೊಳವೆಗೆ ಧಕ್ಕೆಯಾಗಬಾರದು ಎನ್ನುವುದು ಮುಖ್ಯವಾಗಿತ್ತು.

2025ರಲ್ಲಿ ದೂರದವರ ದನಿಯೂ ತಗ್ಗಿತು. ಮಾರ್ಚ್ 28ರ ಭೂಕಂಪದ ನಂತರ ಭಾರತ 'ಆಪರೇಷನ್ ಬ್ರಹ್ಮ' ಹೆಸರಿನಲ್ಲಿ ನೆರವು ಕಳುಹಿಸಿತು. ವಾರದೊಳಗೆ ಬ್ಯಾಂಕಾಕ್‌ನಲ್ಲಿ ನಡೆದ ಬಿಮ್‌ಸ್ಟೆಕ್ (ಬಂಗಾಳ ಕೊಲ್ಲಿ ಸುತ್ತಲಿನ ದೇಶಗಳ ಕೂಟ) ಸಭೆಯಲ್ಲಿ ಪ್ರಧಾನಿ ಮೋದಿ ಮತ್ತು ಮಿನ್ ಆಂಗ್ ಲೈಂಗ್ ಭೇಟಿಯಾದರು. ಜುಲೈನಲ್ಲಿ ಟ್ರಂಪ್ ಅವರಿಂದ ಶೇ 40ರ ಸುಂಕದ ಪತ್ರ ಬಂದಾಗ ಸೇನಾ ಮುಖ್ಯಸ್ಥರು ಅದಕ್ಕೆ ಹೊಗಳಿಕೆಯ ಉತ್ತರ ಬರೆದರು. ಅದಾಗಿ ಎರಡು ವಾರದಲ್ಲಿ ಸೇನೆಯ ಆಪ್ತ ಕಂಪನಿಗಳು ಕೆಲವು ಅಮೆರಿಕದ ನಿರ್ಬಂಧ ಪಟ್ಟಿಯಿಂದ ಹೊರಬಂದವು; ಎರಡಕ್ಕೂ ಸಂಬಂಧವಿಲ್ಲ ಎಂದು ವಾಷಿಂಗ್ಟನ್ ಹೇಳಿತು. ನವೆಂಬರಿನಲ್ಲಿ, ಸೇನೆ ನಡೆಸಲಿದ್ದ ಚುನಾವಣೆಯ ಸಿದ್ಧತೆಯನ್ನೂ ಒಂದು ಕಾರಣವಾಗಿ ಕೊಟ್ಟು, ತನ್ನಲ್ಲಿದ್ದ ಮ್ಯಾನ್ಮಾರ್ ಪ್ರಜೆಗಳಿಗೆ ಗಡಿಪಾರಿನಿಂದ ನೀಡಿದ್ದ ತಾತ್ಕಾಲಿಕ ರಕ್ಷಣೆಯನ್ನು ಕೊನೆಗೊಳಿಸುವುದಾಗಿ ಅಮೆರಿಕ ಘೋಷಿಸಿತು.

ಆ ಚುನಾವಣೆ 2025ರ ಡಿಸೆಂಬರ್ 28ರಿಂದ ಹಂತಹಂತವಾಗಿ ನಡೆಯಿತು. ಎನ್‌ಎಲ್‌ಡಿ ಪಕ್ಷವನ್ನು 2023ರಲ್ಲೇ ವಿಸರ್ಜಿಸಲಾಗಿತ್ತು, ಸೂ ಕಿ ಸೆರೆಯಲ್ಲಿದ್ದರು, ದೇಶದ ಒಳಗೇ ನೆಲೆ ಕಳೆದುಕೊಂಡವರು 35 ಲಕ್ಷದಷ್ಟಿದ್ದರು, ಸೇನೆಯ ಹಿಡಿತವಿಲ್ಲದ ಎಷ್ಟೋ ಊರುಗಳಲ್ಲಿ ಮತದಾನವೇ ಇರಲಿಲ್ಲ. ವೀಕ್ಷಕರನ್ನು ಕಳುಹಿಸಬೇಕೇ ಎಂಬ ಬಗ್ಗೆ ಆಸಿಯಾನ್‌ನಲ್ಲಿ ಒಮ್ಮತ ಮೂಡಲಿಲ್ಲ. ಒಕ್ಕೂಟದ ಹೆಸರಿನಲ್ಲಿ ಯಾರೂ ಹೋಗುವುದು ಬೇಡ, ಬೇಕೆನಿಸಿದ ಸದಸ್ಯ ದೇಶಗಳು ತಮ್ಮ ಪಾಡಿಗೆ ಕಳುಹಿಸಿಕೊಳ್ಳಲಿ ಎಂದು ತೀರ್ಮಾನವಾಯಿತು.