ಸಮುದ್ರಕ್ಕೆ ಹೋಗಿ, ಲಿಸ್ಟ್ ಮನೇಲೇ ಬಿಟ್ಟು ಹೋಗಿ

ಹೋದ ನವೆಂಬರಲ್ಲಿ ಒಂದು ಶನಿವಾರ, ಓಪಿಡಿ ಮುಗಿಯೋ ಹೊತ್ತಿಗೆ ಒಂದು ಜೋಡಿ ಬಂದ್ರು, ಜೊತೇಲಿ ಹುಡುಗೀ ಅತ್ತೆ. ಅವಳಿಗೆ 20ನೇ ವಾರ, ಅನಾಮಲಿ ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿತ್ತು, ಎಲ್ಲಾ ನಾರ್ಮಲ್. ಬಿಪಿ ನೋಡಿ, ತೂಕ ನೋಡಿ, ಮಗು ಹಾರ್ಟ್‌ಬೀಟ್ ಕೇಳಿಸಿ ಆದ್ಮೇಲೆ ಗಂಡ ಮೆಲ್ಲಗೆ ಫೋನ್ ಮುಂದಿಟ್ಟು "ಮೇಡಂ, ಬೇಬಿಮೂನ್ ಹೋಗ್ಬಹುದಾ" ಅಂದ. ಮಗು ಹುಟ್ಟೋಕ್ ಮುಂಚೆ ಗಂಡ ಹೆಂಡ್ತಿ ಇಬ್ಬರೇ ಹೋಗೋ ಟ್ರಿಪ್ಪಿಗೆ ಈಗ ಹಂಗಂತಾರೆ. ಫೋನಲ್ಲಿ ಒಂದು ಎಕ್ಸೆಲ್ ಶೀಟ್. ಶುಕ್ರವಾರ ರಾತ್ರಿ ವಿಜಯನಗರದಿಂದ ಕಾರಲ್ಲಿ ಹೊರಟು ಶಿರಾಡಿ ಇಳಿಯೋದು, ಶನಿವಾರ ಬೆಳಗ್ಗೆ ಉಡುಪಿ ಕೃಷ್ಣ ಮಠ, ಆಮೇಲೆ ಮಲ್ಪೆ, ಅಲ್ಲಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪ, ಸಂಜೆ ಮರವಂತೆ, ರಾತ್ರಿ ಮುರುಡೇಶ್ವರ, ಭಾನುವಾರ ಇವನು ನೇತ್ರಾಣೀಲಿ ಸ್ಕೂಬಾ ಮಾಡೋದು, ಆಮೇಲೆ ಇಡಗುಂಜಿ, ಗೋಕರ್ಣ, ಓಂ ಬೀಚಲ್ಲಿ ಸನ್‌ಸೆಟ್, ಸೋಮವಾರ ಜೋಗ ನೋಡ್ಕೊಂಡು ಸಾಗರ, ಶಿವಮೊಗ್ಗ ಮೇಲೆ ವಾಪಸ್. ಮೇಲ್ಗಡೆ ಇಂಗ್ಲಿಷಲ್ಲಿ ಹೆಡ್ಡಿಂಗ್ ಬೇರೆ, ರಿಲ್ಯಾಕ್ಸ್ ಟ್ರಿಪ್ ಅಂತ.

ನಾನು ಕೇಳಿದ್ದು ಒಂದೇ ಪ್ರಶ್ನೆ, "ಇದ್ರಲ್ಲಿ ಅವಳು ಮಲಗೋದು ಯಾವಾಗಪ್ಪಾ?"

ಅಷ್ಟರಲ್ಲಿ ಅತ್ತೆ ಶುರು ಮಾಡಿದ್ರು. "ಡಾಕ್ಟ್ರೇ, ಬಸುರಿ ಹೆಂಗಸಿನ ಗಂಡ ಸಮುದ್ರ ಸ್ನಾನ ಮಾಡಬಾರ್ದು ಅಂತಿದೆ, ಇವನಿಗೆ ಹೇಳಿದ್ರೆ ನಗ್ತಾನೆ." ಇದು ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಶಾಸ್ತ್ರದಲ್ಲಿ ಹಂಗೆ ಇರೋದು ನಿಜ, ಗರ್ಭಿಣಿಯ ಗಂಡ ಸಮುದ್ರಕ್ಕಿಳಿಯಬಾರ್ದು, ಕ್ಷೌರ ಮಾಡಿಸ್ಬಾರ್ದು, ಮರ ಕಡೀಬಾರ್ದು, ದೂರ ದೇಶಕ್ಕೆ ಹೋಗ್ಬಾರ್ದು. ತಮಾಷೆ ನೋಡಿ, ಈ ನಿರ್ಬಂಧ ಎಲ್ಲಾ ಗಂಡನಿಗೆ. ಆ ಹುಡುಗನ ಉದ್ದ ಗಡ್ಡ ಫ್ಯಾಷನ್ ಅಂದ್ಕೊಂಡಿದ್ದೆ ನಾನು, ಅರ್ಧ ಅಮ್ಮನ ಆರ್ಡರ್ ಅಂತ ಆಗ ಗೊತ್ತಾಯ್ತು. ಶಾಸ್ತ್ರದ ವಿಷ್ಯ ನನ್ನ ಡಿಪಾರ್ಟ್‌ಮೆಂಟ್ ಅಲ್ಲ, ಆದ್ರೆ ಬಸುರಿ ಹೆಂಡ್ತೀನ ದಡದ ಮೇಲೆ ಒಬ್ಬಳನ್ನೇ ಕೂರಿಸಿ ಗಂಡ ಸಮುದ್ರಕ್ಕೆ ಹಾರೋದು ಬೇಡ ಅನ್ನೋದಕ್ಕೆ ನನ್ನದೂ ಒಂದು ವೋಟ್ ಇದೆ.

ಬೇಬಿಮೂನ್ ಹೋಗ್ಬಹುದಾ ಅನ್ನೋ ಪ್ರಶ್ನೆ ಈಗ ವಾರಕ್ಕೆ ಮೂರು ನಾಲ್ಕು ಜನ ಕೇಳ್ತಾರೆ, ಅದಕ್ಕೇ ಬರೀತಿದ್ದೀನಿ. ಹೋಗಿ, ಖಂಡಿತ ಹೋಗಿ, ನಾನು ಬೇಡ ಅನ್ನೋ ಪೈಕಿ ಅಲ್ಲ. ದಿನಾ ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಹೋಗಿ ಬರೋ ಹುಡುಗಿಗೆ ಮೂರು ದಿನ ಹಾರ್ನ್ ಸದ್ದಿಲ್ದೇ ಕೂತ್ಕೊಳ್ಳೋಕೆ ಸಿಕ್ಕಿದ್ರೆ ಬಿಪಿ ಮೆಷಿನ್ನಿಗೂ ಖುಷಿ. ನಾನು ಗಲಾಟೆ ಮಾಡೋದು ಯಾವ ವಾರ, ಯಾವ ಊರು, ಎಷ್ಟು ಜಾಗ ಅನ್ನೋದ್ರ ಬಗ್ಗೆ ಮಾತ್ರ.

ವಾರದ ಲೆಕ್ಕ ಮೊದಲು. ಮೊದಲ ಮೂರು ತಿಂಗಳು ವಾಂತಿ ಸುಸ್ತು, ಅಬಾರ್ಷನ್ ಭಯಾನೂ ಆಗ್ಲೇ ಜಾಸ್ತಿ, 28 ವಾರ ದಾಟಿದ್ಮೇಲೆ ಹೊಟ್ಟೆ ಭಾರ, ಬೆನ್ನು ನೋವು, ದಿನ ತುಂಬೋಕ್ ಮುಂಚೆ ನೋವು ಬರೋ ಚಾನ್ಸ್. ಅದಕ್ಕೇ ಪುಸ್ತಕದಲ್ಲಿ 14ರಿಂದ 28 ವಾರ ಅಂತಾರೆ. ನಾನು ಇನ್ನೂ ಸ್ವಲ್ಪ ಬಿಗಿ ಮಾಡ್ತೀನಿ, ಅನಾಮಲಿ ಸ್ಕ್ಯಾನ್ ಆಗ್ಲಿ, ಆಮೇಲೆ ಟಿಕೆಟ್ ಬುಕ್ ಮಾಡಿ. 18ರಿಂದ 22 ವಾರದೊಳಗೆ ಆ ಸ್ಕ್ಯಾನ್ ಆಗುತ್ತೆ, ಮಗುವಿನ ಅಂಗಾಂಗ ನೋಡೋದ್ರ ಜೊತೆಗೆ ಮಾಸು ಅಂದ್ರೆ ಪ್ಲಾಸೆಂಟಾ ಎಲ್ಲಿ ಕೂತಿದೆ ಅನ್ನೋದೂ ಗೊತ್ತಾಗುತ್ತೆ. ಅದು ಗರ್ಭಕೋಶದ ಬಾಯಿ ಮುಚ್ಕೊಂಡು ಕೂತಿದ್ರೆ ನೋವೇ ಇಲ್ದೆ ದಿಢೀರಂತ ಬ್ಲೀಡಿಂಗ್ ಆಗ್ಬಹುದು, ಅಂಥೋರಿಗೆ ಸಮುದ್ರ ಇರ್ಲಿ ಲಾಲ್‌ಬಾಗ್ ವಾಕಿಂಗಿಗೂ ನಾನು ಯೋಚ್ನೆ ಮಾಡ್ತೀನಿ. 20 ವಾರದಲ್ಲಿ ಕೆಳಗಿರೋ ಪ್ಲಾಸೆಂಟಾ ಬಹಳ ಜನಕ್ಕೆ 32 ವಾರದ ಹೊತ್ತಿಗೆ ಮೇಲೆ ಹೋಗಿರುತ್ತೆ, ಗಾಬರಿ ಬೇಡ, ಆದ್ರೆ ಟ್ರಿಪ್ಪೂ ಬೇಡ. ಆಮೇಲೆ 24ರಿಂದ 28 ವಾರದೊಳಗೆ ಗ್ಲುಕೋಸ್ ನೀರು ಕುಡಿಸಿ ಮಾಡೋ ಶುಗರ್ ಟೆಸ್ಟ್ ಇರುತ್ತೆ, ಏಳನೇ ತಿಂಗಳಿಗೆ ಸೀಮಂತದ ಓಡಾಟ, ಸೀರೆ, ಬ್ಲೌಸು, ನೆಂಟರು. ಹಂಗಾಗಿ ಕೈಗೆ ಸಿಗೋದು 20ರಿಂದ 26 ವಾರ, ಅದ್ರಲ್ಲಿ ಒಂದು ಲಾಂಗ್ ವೀಕೆಂಡ್.

ಅವಳಿ ಮಕ್ಕಳು, ಗರ್ಭಕೋಶದ ಬಾಯಿಗೆ ಸ್ಟಿಚ್ ಹಾಕಿರೋರು, ಬಿಪಿ ಏರಿರೋರು, ಹಿಂದಿನ ಸಲ ದಿನ ತುಂಬೋ ಮುಂಚೆ ಹೆರಿಗೆ ಆದೋರು ನಿಮ್ಮ ಡಾಕ್ಟರ್ ಹತ್ರ ಮುಖಾಮುಖಿ ಕೇಳಿ, ಇಲ್ಲಿ ಓದಿ ಡಿಸೈಡ್ ಮಾಡ್ಬೇಡಿ.

ಯಾವ ಊರು ಅನ್ನೋದು ಬಹಳ ಜನ ರೀಲ್ಸ್ ನೋಡಿ ತೀರ್ಮಾನ ಮಾಡ್ತಾರೆ. ನಾನು ಬೀಚ್ ಆರಿಸೋದು ಆಸ್ಪತ್ರೆ ನೋಡಿ. ಕೇಳೋಕೆ ಅಪಶಕುನ ಅನ್ಸುತ್ತೆ, ಆ ಹುಡುಗೀ ಅತ್ತೆಯಂತೂ "ಬಿಡ್ತು ಅನ್ನಿ" ಅಂದೇ ಬಿಟ್ರು, ಆದ್ರೆ ಲೆಕ್ಕ ಸಿಂಪಲ್, ರಾತ್ರಿ ಎರಡು ಗಂಟೆಗೆ ಬ್ಲೀಡಿಂಗ್ ಆದ್ರೆ ರಕ್ತ ಇರೋ, ಆಪರೇಷನ್ ಥಿಯೇಟರ್ ಇರೋ, ಹಸುಗೂಸುಗಳ ಐಸಿಯು ಇರೋ ಜಾಗಕ್ಕೆ ಎಷ್ಟು ಹೊತ್ತಲ್ಲಿ ತಲುಪ್ತೀರಾ? ಮಲ್ಪೆ, ಕಾಪು ಕಡೆ ಉಳ್ಕೊಂಡ್ರೆ ಉಡುಪಿ ಮಣಿಪಾಲ ಹತ್ರ, ಪಣಂಬೂರು ಉಳ್ಳಾಲ ಕಡೆ ಆದ್ರೆ ಮಂಗಳೂರು ಪಕ್ಕದಲ್ಲೇ. ಗೋಕರ್ಣ ಚೆನ್ನಾಗಿದೆ, ನನಗೂ ಇಷ್ಟ, ಆದ್ರೆ ಉತ್ತರ ಕನ್ನಡದ ಜನ ತಮಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಟ್ಟಲೆ ಕೂಗ್ತಾ ಇದ್ದಾರೆ, ಅಲ್ಲಿಯೋರೇ ಸೀರಿಯಸ್ ಆದ್ರೆ ಮಂಗಳೂರು ಮಣಿಪಾಲ ಹುಬ್ಬಳ್ಳಿ ಅಂತ ಓಡೋವಾಗ ನಾವು ಬೆಂಗಳೂರಿಂದ ಬಸುರೀನ ಕರ್ಕೊಂಡು ಹೋಗಿ ಕುಡ್ಲೆ ಬೀಚ್ ಮೆಟ್ಟಿಲು ಇಳಿಸೋದು ಯಾಕೆ. ಮಗು ಹುಟ್ಟಿ ನಡೆಯೋಕೆ ಶುರು ಮಾಡಿದ್ಮೇಲೆ ಮೂರೂ ಜನ ಹೋಗಿ. ಜನ ಕಮ್ಮಿ ಇರೋ ಕ್ಲೀನ್ ಬೀಚ್ ಬೇಕು ಅನ್ನೋರಿಗೆ ಪಡುಬಿದ್ರಿ ಇದೆ, 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ್ದು.

ಜೂನಿಂದ ಸೆಪ್ಟೆಂಬರ್ ಮಾತ್ರ ಬೇಡ. ಮಳೆಗಾಲದಲ್ಲಿ ಕರಾವಳಿ ಚೆಂದ ಅನ್ನೋದು ನಿಜ, ಆದ್ರೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರರ ಯಾಂತ್ರಿಕ ಬೋಟೇ ಸಮುದ್ರಕ್ಕೆ ಇಳಿಯಲ್ಲ, ಶಿರಾಡೀಲಿ ಗುಡ್ಡ ಕುಸಿದ್ರೆ ಲಾರಿ ಹಿಂದೆ ಗಂಟೆಗಟ್ಟಲೆ ನಿಲ್ಬೇಕು, ಅದೂ ಬಾತ್‌ರೂಮಿಲ್ದೆ.

ಬಾತ್‌ರೂಮ್ ಅಂದಾಗ ನೆನಪಾಯ್ತು. ದಾರೀಲಿ ಟಾಯ್ಲೆಟ್ ಗಲೀಜು ಅಂತ ನೀರೇ ಕುಡೀದೆ ಕೂರೋ ಹುಡುಗೀರೇ ಜಾಸ್ತಿ. ನೀರು ಕಮ್ಮಿಯಾದ್ರೆ ಹೊಟ್ಟೆ ಗಟ್ಟಿಯಾಗಿ ಬಿಗಿಯುತ್ತೆ, ಮೂತ್ರ ಕಟ್ಕೊಂಡು ಕೂತ್ರೆ ಇನ್ಫೆಕ್ಷನ್, ಇನ್ಫೆಕ್ಷನ್ ಆದ್ರೆ ಬೇಗ ನೋವು ಬರೋ ಚಾನ್ಸೂ ಜಾಸ್ತಿ. ಕುಣಿಗಲ್, ಹಾಸನ, ಸಕಲೇಶಪುರ, ಎರಡು ಗಂಟೆಗೊಮ್ಮೆ ಎಲ್ಲಾದ್ರೂ ಇಳೀರಿ, ಐದು ನಿಮಿಷ ನಡೀರಿ. ನಡೆಯೋದು ಬರೀ ಕಾಲು ಚಾಚೋಕಲ್ಲ, ಬಸುರಲ್ಲಿ ರಕ್ತ ಹೆಪ್ಪುಗಟ್ಟೋ ಗುಣ ಜಾಸ್ತಿ ಇರುತ್ತೆ, ಗಂಟೆಗಟ್ಟಲೆ ಮಡಚಿ ಕೂತ ಕಾಲಲ್ಲಿ ಅದು ಶುರುವಾಗೋದು. ಒಂದೇ ಕಾಲು ಊದಿ ಮೀನಖಂಡ ನೋಯ್ತಿದ್ರೆ ಎಣ್ಣೆ ತಿಕ್ಕೋಕೆ ಹೋಗ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಸೀಟ್‌ಬೆಲ್ಟ್ ಮಗುವಿಗೆ ಒತ್ತುತ್ತೆ ಅಂತ ಬಿಚ್ಚಿ ಕೂರ್ತಾರೆ. ತಪ್ಪು. ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಹೊಟ್ಟೆಯ ಕೆಳಗೆ, ತೊಡೆ ಸೊಂಟ ಸೇರೋ ಮೂಳೆ ಮೇಲೆ ಬರ್ಬೇಕು. ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳೀಬೇಕು. ನನ್ನ ಕ್ಲಿನಿಕ್ಕಲ್ಲಿ ದುಪಟ್ಟಾ ಹಿಡಿದು ಮಾಡಿ ತೋರಿಸ್ತೀನಿ. ನನ್ನ ಕೇಳಿದ್ರೆ ಘಾಟಿಗೆ ಕಾರಿಗಿಂತ ಟ್ರೈನೇ ವಾಸಿ, ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ರೆ ಬೆಳಗಿನ ಜಾವಕ್ಕೆ ಉಡುಪಿ, ಗರ್ಭಿಣಿಯರಿಗೆ ಲೋವರ್ ಬರ್ತ್ ಕೋಟಾನೂ ಇದೆ, ಟಾಯ್ಲೆಟ್ ಹತ್ತು ಹೆಜ್ಜೇಲಿ. ವಿಮಾನ ಆದ್ರೆ ಮಂಗಳೂರಿಗೆ ಒಂದು ಗಂಟೆ, ಈ ವಾರಗಳಲ್ಲಿ ತೊಂದ್ರೆ ಇಲ್ಲ, ಏರ್‌ಲೈನಿನೋರು ಕೇಳಿದ್ರೆ ಲೆಟರ್ ಬರ್ಕೊಡ್ತೀವಿ.

ರೂಮ್ ಬಗ್ಗೆ ನನ್ನದೇ ಕಥೆ ಇದೆ. ನಾನು ಬಸುರಿ ಇದ್ದಾಗ ಒಂದು ರೆಸಾರ್ಟ್‌ಗೆ ಫೋನ್ ಮಾಡಿ ಸೀ ವ್ಯೂ ಇದೆಯಾ ಅಂತ ಮಾತ್ರ ಕೇಳಿದ್ದೆ. ಇತ್ತು. ಮೂರನೇ ಮಹಡೀಲಿ, ಲಿಫ್ಟ್ ಇಲ್ಲ. 52 ಮೆಟ್ಟಿಲು, ಎಣಿಸಿದ್ದೀನಿ, ತಿಂಡಿಗೊಂದು ಸಲ ಊಟಕ್ಕೊಂದು ಸಲ ಇಳಿದು ಹತ್ತಿ, ಮೂರನೇ ದಿನ ಊಟ ಮೇಲಕ್ಕೇ ತರಿಸ್ಕೊಂಡು ಗಂಡನ ಮೇಲೆ ಕೂಗಾಡಿದ್ದಾಯ್ತು, ಪಾಪ ಅವರದ್ದೇನೂ ತಪ್ಪಿರ್ಲಿಲ್ಲ. ಈಗ ನನ್ನ ಪೇಷೆಂಟ್ಸಿಗೆ ಹೇಳ್ತೀನಿ, ಗ್ರೌಂಡ್ ಫ್ಲೋರ್ ಇದೆಯಾ, ವೆಸ್ಟರ್ನ್ ಕಮೋಡ್ ಇದೆಯಾ, ಬಾತ್‌ರೂಮ್ ನೆಲ ಜಾರುತ್ತಾ, ರಾತ್ರಿ ಕರೆದ್ರೆ ಕಾರ್ ಸಿಗುತ್ತಾ, ಇಷ್ಟು ಕೇಳಿ, ಆಮೇಲೆ ಸೀ ವ್ಯೂ ಕೇಳಿ.

ಸಮುದ್ರಕ್ಕೆ ಇಳೀಬಹುದಾ? ಮೊಣಕಾಲ ತನಕ, ಗಂಡನ ಕೈ ಹಿಡ್ಕೊಂಡು. ದಡದಲ್ಲಿ ಸುಮ್ನೆ ನಿಂತು ನೋಡಿ, ಅಲೆ ಬಂದು ಹೊಡೆಯೋವಾಗ ಏನೂ ಆಗಲ್ಲ, ವಾಪಸ್ ಹೋಗೋವಾಗ ಪಾದದ ಕೆಳಗಿನ ಮರಳನ್ನೂ ಎಳ್ಕೊಂಡು ಹೋಗುತ್ತೆ, ಮೊದಲು ಹಿಮ್ಮಡಿ ಕೆಳಗೆ ಗುಳಿ ಬೀಳುತ್ತೆ, ಮೈ ಹಿಂದಕ್ಕೆ ವಾಲುತ್ತೆ. ಎಲ್ಲರಿಗೂ ಅದು ಮಜಾ. ಬಸುರಿಗೆ ಹೊಟ್ಟೆಯಿಂದಾಗಿ ಬ್ಯಾಲೆನ್ಸ್ ಮೊದಲೇ ಬದಲಾಗಿರುತ್ತೆ, ಕೀಲುಗಳೂ ಸಡಿಲ ಆಗಿರುತ್ತೆ, ಧೊಪ್ಪಂತ ಕೂತ್ಬಿಡ್ತಾರೆ. ನಡೆಯೋದಾದ್ರೆ ಒಣ ಮರಳಲ್ಲಿ ಬೇಡ, ಅಲೆ ಬಂದು ಹೋದ ಒದ್ದೆ ಗಟ್ಟಿ ಮರಳಲ್ಲಿ ನಡೀರಿ. ಬಿಸಿಲೇರೋ ಮುಂಚೆ, ಇಲ್ಲಾ ಸಂಜೆ ಐದರ ಮೇಲೆ. ಜೆಟ್ ಸ್ಕೀ, ಬನಾನಾ ಬೋಟ್, ಪ್ಯಾರಾಸೇಲಿಂಗ್ ಬೇಡ ಅಂತ ಬೇರೆ ಹೇಳ್ಬೇಕಾ? ಸ್ಕೂಬಾ ಅಂತೂ ಪೂರ್ತಿ ಬಂದ್, ನೀರಿನಾಳದಿಂದ ಮೇಲೆ ಬರೋವಾಗ ರಕ್ತದಲ್ಲಿ ಏಳೋ ಗಾಳಿ ಗುಳ್ಳೆಗಳನ್ನ ಅಮ್ಮನ ಶ್ವಾಸಕೋಶ ಸೋಸಿ ಹಾಕುತ್ತೆ, ಹೊಟ್ಟೆಯೊಳಗಿನ ಮಗು ಶ್ವಾಸಕೋಶ ಇನ್ನೂ ಕೆಲಸ ಶುರು ಮಾಡಿರಲ್ಲ. ಬೀಚ್ ಚೇರಲ್ಲಿ ಅಂಗಾತ ಮಲಗಿ ತಲೆ ಸುತ್ತಿದ್ರೆ ಎಡಕ್ಕೆ ಹೊರಳಿ, ಗರ್ಭಕೋಶ ದೊಡ್ಡ ರಕ್ತನಾಳದ ಮೇಲೆ ಕೂತಿರೋದ್ರಿಂದ ಹಂಗಾಗೋದು.

ಊಟಕ್ಕೆ ಬರೋಣ. ಮೀನು ತಿನ್ನೋರು ಬಂಗುಡೆ, ಬೂತಾಯಿ ಧಾರಾಳ ತಿನ್ನಿ, ಚಿಕ್ಕ ಮೀನು, ಒಮೆಗಾ-3 ಅನ್ನೋ ಒಳ್ಳೇ ಕೊಬ್ಬು ಚೆನ್ನಾಗಿದೆ, ಪಾದರಸ ಕಮ್ಮಿ. ದೊಡ್ಡ ಮೀನು ಚಿಕ್ಕ ಮೀನು ತಿಂದು ತಿಂದು ಪಾದರಸ ಕೂಡಿಡುತ್ತೆ, ಹಾಗಾಗಿ ಶಾರ್ಕ್ ಬೇಡ, ಅಂಜಲ್ ಆಸೆಗೆ ಒಂದು ಪೀಸ್ ಸಾಕು. ಮರುವಾಯಿ ಅಂದ್ರೆ ಚಿಪ್ಪುಮೀನು ಚೆನ್ನಾಗಿ ಬೆಂದಿದ್ರೆ ಮಾತ್ರ. ಸಸ್ಯಾಹಾರಿಗಳಿಗೆ ನೀರುದೋಸೆ, ಗೋಳಿಬಜೆ, ಬಿಸಿ ಇರೋದು ಏನಾದ್ರೂ. ನನ್ನ ಭಯ ಇರೋದು ನೀರಿನ ಮೇಲೆ. ರಸ್ತೆ ಬದಿ ಐಸ್ ಹಾಕಿದ ಪುನರ್ಪುಳಿ ಜ್ಯೂಸು, ಕತ್ತರಿಸಿಟ್ಟ ಅನಾನಸ್, ಇವೆಲ್ಲಾ ಬೇಡ. ಕೊಳಕು ನೀರಿಂದ ಬರೋ ಹೆಪಟೈಟಿಸ್ ಇ ಜಾಂಡೀಸ್ ಬೇರೆಯೋರಿಗೆ ಬಂದು ಹೋಗುತ್ತೆ, ಬಸುರೀಲಿ, ಅದೂ ಕೊನೇ ಮೂರು ತಿಂಗಳಲ್ಲಿ, ಜೀವಕ್ಕೇ ಬರುತ್ತೆ. ಬೊಂಡ ಅಂದ್ರೆ ಎಳನೀರು ಕುಡೀರಿ, ಕಣ್ಣೆದುರೇ ಕೆತ್ತಿಸ್ಕೊಂಡು. ಸಂಜೆ ಸೊಳ್ಳೆಗೆ ಉದ್ದ ತೋಳಿನ ಬಟ್ಟೆ, ಕ್ರೀಮು, ಕರಾವಳೀಲಿ ಮಲೇರಿಯಾನೂ ಇದೆ ಡೆಂಗ್ಯೂನೂ ಇದೆ. ರೆಸಾರ್ಟಿನ ಸ್ಟೀಮ್, ಬಿಸಿನೀರಿನ ಟಬ್ ಬೇಡ, ಕಾಲಿಗೆ ಹಗುರ ಮಸಾಜ್ ಆದ್ರೆ ಪರವಾಗಿಲ್ಲ.

ತಾಯಿ ಕಾರ್ಡೋ ಆಸ್ಪತ್ರೆ ಫೈಲೋ ಒರಿಜಿನಲ್ಲೇ ಬ್ಯಾಗಲ್ಲಿರ್ಲಿ, ಬ್ಲಡ್ ಗ್ರೂಪ್ ಗಂಡನಿಗೂ ಬಾಯಿಪಾಠ ಇರ್ಲಿ. ಬ್ಲೀಡಿಂಗ್, ಗರ್ಭದ ನೀರು ಹೋಗೋದು, ಬಿಟ್ಟು ಬಿಟ್ಟು ಲಯವಾಗಿ ಬರೋ ಹೊಟ್ಟೆನೋವು, ಕಣ್ಣು ಮಂಜಾಗೋ ತಲೆನೋವು, ಇವ್ಯಾವುದಾದ್ರೂ ಬಂದ್ರೆ ಬೆಂಗಳೂರಿಗೆ ವಾಪಸ್ ಡ್ರೈವ್ ಮಾಡ್ಕೊಂಡು ಬರೋ ಸಾಹಸ ಬೇಡ, ಹತ್ರದ ಆಸ್ಪತ್ರೆ, ಇಲ್ಲಾ 108.

ಕೇಸರಿಬಾತ್ ಮಧ್ಯೆ ಕಲ್ಲು ಸಿಕ್ಕಿದ ಥರದ ಇನ್ನೊಂದು ಮಾತು ಹೇಳ್ತೀನಿ, ಗಂಡಂದಿರಿಗೆ. ಹೆಂಡ್ತಿಗೆ 26 ವಾರ ರಜೆ 2017ರಿಂದ ಕಾನೂನಲ್ಲೇ ಇದೆ. ನಿಮಗೆ, ಸರ್ಕಾರಿ ನೌಕರಿ ಆದ್ರೆ 15 ದಿನ, ಪ್ರೈವೇಟ್ ಆದ್ರೆ ಕಂಪನಿ ಕೊಟ್ಟಷ್ಟು. ಬೇಬಿಮೂನಿಗೆ ಅಂತ ಎಂಟು ದಿನ ಲೀವ್ ಖಾಲಿ ಮಾಡಿ, ಹೆರಿಗೆ ಆದ ನಾಲ್ಕನೇ ದಿನ ಲ್ಯಾಪ್‌ಟಾಪ್ ತೆಗೆಯೋರನ್ನ ಬಹಳ ನೋಡಿದ್ದೀನಿ. ಮೂರು ದಿನ ಸಾಕು. ಆ ಮೂರು ದಿನದಲ್ಲಿ ಬಾಣಂತನ ಎಲ್ಲಿ, ತವರಲ್ಲಾದ್ರೆ ನೀವು ವಾರಕ್ಕೆಷ್ಟು ಸಲ ಬರ್ತೀರಾ, ರಾತ್ರಿ ಮಗು ಅತ್ರೆ ಯಾರು ಏಳೋದು, ಇದನ್ನ ಮಾತಾಡಿ. ಮನೇಲಿ ಈ ಮಾತು ಶುರುವಾದ್ರೆ ಇಬ್ಬರು ಅಮ್ಮಂದಿರೂ ಸೇರ್ಕೊಂಡು ಮೀಟಿಂಗ್ ಆಗ್ಬಿಡುತ್ತೆ.

ಆ ಜೋಡಿ ಕೊನೆಗೆ ಹೋದ್ರು. ಶೀಟಲ್ಲಿ ನಾನು ಕೃಷ್ಣ ಮಠ, ಮಲ್ಪೆ ಎರಡು ಮಾತ್ರ ಉಳಿಸಿದ್ದೆ, ಬೋಟೂ ಕಟ್. 24ನೇ ವಾರದ ಚೆಕಪ್ಪಿಗೆ ಬಂದಾಗ ಅವಳೇ ಹೇಳಿದ್ಲು, ಮಠಕ್ಕೂ ಕೊನೇ ದಿನ ಹೋದ್ವಿ ಮೇಡಂ, ಮೊದಲ ದಿನ ಬೆಳಗ್ಗೆ ತಿಂಡಿ ತಿಂದು ಮಲಗಿದೋಳು ಎದ್ದಿದ್ದು ಸಂಜೆ ನಾಲ್ಕಕ್ಕೆ ಅಂತ. ಮುಖದಲ್ಲಿ ಕಳೆ ಇತ್ತು, ಬಿಪಿ 110-70. ಅತ್ತೆ ಮಾತ್ರ ಮಗನ್ನೇ ನೋಡ್ತಿದ್ರು, "ಇವನು ಸಮುದ್ರಕ್ಕೆ ಇಳಿದ್ನೇನಮ್ಮಾ?" "ಮೊಣಕಾಲ ತನಕ ಅತ್ತೆ, ನನ್ನ ಕೈ ಹಿಡ್ಕೊಂಡು." ಅದು ಸ್ನಾನ ಆಗುತ್ತೋ ಇಲ್ವೋ ಅಂತ ಅವರು ಯೋಚ್ನೆ ಮಾಡ್ತಿರೋವಾಗ ನಾನು ಐರನ್ ಮಾತ್ರೆ ಸ್ಟ್ರಿಪ್ ಕೇಳಿದೆ. ಮೂರು ದಿನದ್ದು ಹಂಗೇ ಇತ್ತು.